ಡಾಕ್ಟರು ಬೇಯಿಸಿದ ಸ್ಪಂಜು

ಹಲ್ಲಿನ ಡಾಕ್ಟರಿಗೆ ಕೈ ತೊಳೆಯುವ ಹುಚ್ಚು. ಬಾಗಿಲು ಮುಟ್ಟಿದರೆ ತೊಳೆಯಬೇಕು, ಪೆನ್ನು ಮುಟ್ಟಿದರೆ ತೊಳೆಯಬೇಕು, ದೂರದಿಂದ ನಮಸ್ಕಾರ ಅಂದರೂ ತೊಳೆದಾರು ಪುಣ್ಯಾತ್ಮ! ಅಂಥವರ ಹತ್ತಿರ ನರ್ಸಕ್ಕ ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ದುಡಿದಿದ್ದಳು.

ರೋಗಿಗಳು ಕಾಯುವ ಕೋಣೆಯಲ್ಲಿ ಮೀನಿನ ತೊಟ್ಟಿ ಇಡಿಸುವ ಶೋಕಿ ಡಾಕ್ಟರಿಗೆ ಬಂದಾಗ ಅವಳೊಂದು ಮಾತು ಕೇಳಿಕೊಂಡಳು. ಮನೆಯಲ್ಲಿ ಅಪ್ಪನ ತೊಟ್ಟಿಯ ಗಾಜು ಬಿರುಕು ಬಿಟ್ಟು, ನಾಲ್ಕು ಮುದಿ ಮೀನುಗಳು ಬಕೆಟ್ಟಿನ ಪಾಲಾಗಿದ್ದವು. ಅವನ್ನು ಇಲ್ಲಿ ಬಿಡಬಹುದಾ?

"ಬಿಡಮ್ಮ, ನಂಗೂ ಮೀನು ಕೊಳ್ಳೋದು ತಪ್ಪುತ್ತೆ," ಎಂದರು. ಏನು ಧಾರಾಳ!

ತೊಟ್ಟಿ ಸಜ್ಜು ಮಾಡಿದ್ದೆಲ್ಲ ಅವಳೇ. ತಳಕ್ಕೆ ಮಣ್ಣು, ಅದರ ಮೇಲೆ ಮರಳು. ಚಿಮಟದಲ್ಲಿ ಹಿಡಿದು ಒಂದೊಂದೇ ಗಿಡ ನೆಟ್ಟಳು. ನೀರು ತುಂಬಿ, ಫಿಲ್ಟರ್ ಹಚ್ಚಿ, ಮೀನೇ ಇಲ್ಲದ ತೊಟ್ಟಿಗೆ ಅಳೆದು ಅಮೋನಿಯಾ ಹನಿಸಿದಳು. ಮೀನಿನ ಹೇಲಿನಿಂದ ಹುಟ್ಟುವ ವಿಷ ಅದು. ಅದನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ಸಂಸಾರ ಹೂಡಬೇಕು, ಆಮೇಲೆ ಮೀನು. ದಿನಾ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಮದ್ದು ಹನಿಸಿ, ಬಣ್ಣ ನೋಡುವಳು. ಹಸಿರಾದರೆ ವಿಷ ಇದೆ, ಹಳದಿಯಾದರೆ ಇಲ್ಲ.

ಹಸಿರು, ಹಸಿರು, ಹಾಳಾದ ಹಸಿರು. ಅತ್ತ ಬಕೆಟ್ಟಿನ ನೀರನ್ನು ಹಗಲಲ್ಲಿ ಬದಲಿಸುವವರಿಲ್ಲ. ಅಪ್ಪನ ಸೊಂಟ ಬಗ್ಗುತ್ತಿರಲಿಲ್ಲ. ಒಂದು ಮೀನು ಸತ್ತಿತು. ಅಪ್ಪ ಆವತ್ತು ಊಟ ಮುಟ್ಟಲಿಲ್ಲ.

ಐದನೇ ವಾರದ ಕೊನೆಗೆ ನಳಿಕೆಯ ನೀರು ಹಳದಿಯಾಯಿತು. ಸೋಮವಾರ ಅವಳು ಬಕೆಟ್ ಹೊತ್ತು, ಅಪ್ಪನನ್ನು ಕರೆದುಕೊಂಡು ಬಂದಳು.

ಡಾಕ್ಟರು ಹಲ್ಲು ಕಿಸಿದುಕೊಂಡು ನಿಂತಿದ್ದರು. "ನೋಡಮ್ಮ, ಆ ಸ್ಪಂಜು ಎಷ್ಟು ಗಲೀಜಾಗಿತ್ತು! ನಿನ್ನೆ ನಾನೇ ಬಂದು ಆಟೋಕ್ಲೇವಲ್ಲಿ ಹಾಕಿ ಬೇಯಿಸ್ದೆ. ಈಗ ಹುಡುಕಿದ್ರೂ ಒಂದು ಕ್ರಿಮಿ ಸಿಗಲ್ಲ."

ಹಲ್ಲಿನ ಸಾಮಾನು ಬೇಯಿಸುವ ಆ ಡಬ್ಬಿಯಲ್ಲಿ ಐದು ವಾರದ ದುಡಿಮೆ ಬೆಂದುಹೋಗಿತ್ತು. ಗೋಡೆ ತುಂಬ ಸರ್ಟಿಫಿಕೇಟು ತೂಗುಹಾಕಿದ ಮನುಷ್ಯನಿಗೆ ಒಂದು ಮಾತು ಕೇಳುವಷ್ಟು ಬುದ್ಧಿ ಬೇಡವೇ? ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಸುರಿ, ಸುರಿ, ಏನೂ ಆಗಲ್ಲ," ಎಂದು ಡಾಕ್ಟರು ಬಕೆಟ್ಟಿಗೆ ಕೈ ಚಾಚಿದರು.

"ಮುಟ್ಬೇಡಿ ಸಾರ್," ಎಂದಳು. ಕಾಯುತ್ತಿದ್ದ ರೋಗಿಗಳೆಲ್ಲ ತಲೆ ಎತ್ತಿದರು. "ನೀವು ಬೇಯಿಸಿದ್ದು ಸ್ಪಂಜಲ್ಲ, ನನ್ನ ಐದು ವಾರ. ಅದನ್ನ ವಾಪಸ್ ಕೊಡಿ. ಇವತ್ತಿಂದ ನಂಗೆ ಐದು ವಾರ ರಜಾ."

"ಐದು ವಾರಾನಾ? ನನ್ನ ಸಾಮಾನು ಯಾರು ನೋಡ್ಕೋತಾರೆ?"

"ನೀವೇ ಬೇಯಿಸ್ಕೊಳ್ಳಿ. ಕೈ ಚೆನ್ನಾಗಿ ಕುದುರಿದೆಯಲ್ಲ!"

ಬಾಯಿ ಊದಿಸಿಕೊಂಡಿದ್ದ ರೋಗಿಯೊಬ್ಬ ನೋವು ಮರೆತು ನಕ್ಕ. ಅವಳು ತಿರುಗಿ ನೋಡದೆ ಮೆಟ್ಟಿಲಿಳಿದಳು.

"ಅವ್ನು ಕೆಲಸದಿಂದ ತೆಗೆದ್ರೆ ಏನ್ಮಾಡ್ತೀಯೇ?" ಅಪ್ಪ ಹಿಂದಿನಿಂದ ಕೇಳಿದರು.

"ತೆಗೀಲಿ. ಮನೇಲೇ ಇದ್ದು ದಿನಕ್ಕೆ ಮೂರು ಸಲ ನೀರು ಬದಲಾಯಿಸ್ತೀನಿ. ಇವು ಮೂರೂ ಉಳೀಬೇಕು ಅಷ್ಟೆ."

ಅಪ್ಪ ಸೊಂಟ ಹಿಡಿದುಕೊಂಡೇ ಬಗ್ಗಿ, ಬಕೆಟ್ಟಿನ ಹಿಡಿಗೆ ತಾವೂ ಒಂದು ಕೈ ಕೊಟ್ಟರು.