ನಲವತ್ತೊಂದನೆಯ ಫೋಟೊ

ಮೈದುನ ಹಳೆಯ ರೀಲು ಕ್ಯಾಮೆರಾ ಕೊಂಡ ದಿನದಿಂದ ಅತ್ತಿಗೆಗೆ ಅವನ ಮಾತು ಕೇಳಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಅವಳದು ಇಪ್ಪತ್ತು ವರ್ಷದ ಫೋಟೊ ಸ್ಟುಡಿಯೋ. ರೀಲು ತೊಳೆದು ತೊಳೆದು ಬೆರಳುಗಳು ಕಂದಿದ್ದವು. ಡಿಜಿಟಲ್ ಬಂದಾಗ ಸದ್ಯ ಪೀಡೆ ತೊಲಗಿತು ಅಂದುಕೊಂಡವಳು. ಇವನೋ ವಿಮಾ ಕಚೇರಿಯ ಗುಮಾಸ್ತ. ಅಂಗೈಯಗಲದ ಆ ಡಬ್ಬಿಯನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಬಂದು ಅವಳಿಗೇ ಪಾಠ ಹೇಳುತ್ತಿದ್ದ.

"ಫಿಲ್ಮ್‌ನಲ್ಲಿ ಜೀವ ಇರುತ್ತೆ ಅತ್ತಿಗೆ. ಸ್ಟುಡಿಯೋದವರಿಗೆ ಅದು ಗೊತ್ತಾಗಲ್ಲ."

"ಹೌದಪ್ಪ, ನಾನು ಇಷ್ಟು ದಿನ ಹೆಣ ತೊಳೀತಿದ್ದೆ."

ಭಾನುವಾರ ಮನೆಯ ಹಿತ್ತಿಲಲ್ಲಿ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆಯಲು ಶುರುಮಾಡಿದ. ಬಗ್ಗಿದ, ಕುಕ್ಕರುಗಾಲಲ್ಲಿ ಕೂತ, ಒಗೆಯುವ ಕಲ್ಲಿನ ಪಕ್ಕ ಬೋರಲು ಮಲಗಿದ. ಒಂದೊಂದು ಫೋಟೊಗೂ ಒಂದೊಂದು ಪುರಾಣ. ಮೂರನೆಯದಕ್ಕೇ ಅತ್ತಿಗೆಗೆ ತಿಳಿದುಹೋಯಿತು: ಅವನು ರೀಲು ಮುಂದಕ್ಕೆ ತಳ್ಳಿದಾಗ ಎಡಗಡೆಯ ಗುಂಡಿ ತಿರುಗುತ್ತಿಲ್ಲ. ಅಂದರೆ ರೀಲಿನ ತುದಿ ಒಳಗಿನ ಚಕ್ರಕ್ಕೆ ಸಿಕ್ಕಿಕೊಂಡೇ ಇಲ್ಲ. ಅಷ್ಟು ದೊಡ್ಡ ಪಂಡಿತನಿಗೆ ಹೇಳಲು ತಾನ್ಯಾರು?

"ನಲವತ್ತೊಂದಾಯ್ತು ನೋಡಿ," ಎಂದ ಮೈದುನ. "ಮೂವತ್ತಾರರ ರೀಲು. ಹಳೇ ಕ್ಯಾಮೆರಾಗಳು ಎಷ್ಟು ಧಾರಾಳ."

"ತೆಗಿ ತೆಗಿ, ಎಪ್ಪತ್ತಾದ್ರೂ ಬರುತ್ತೆ. ಒಳಗೆ ರೀಲು ಓಡಿದ್ರೆ ತಾನೆ ಮುಗಿಯೋದು?"

ಅವನು ಹಿಂಬದಿ ತೆರೆದು ನೋಡಿದ. ರೀಲು ಹಾಕಿದಲ್ಲೇ ಮುದುರಿ ಕೂತಿತ್ತು. ಮುಖ ಹುಳ್ಳಗಾಯಿತು. ಅತ್ತಿಗೆ ಬೆಳಗಿನಿಂದ ಕಾದಿದ್ದುದು ಇದಕ್ಕೇ.

ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದ ಅತ್ತೆ ಎದ್ದರು. "ಹಾಗಾದ್ರೆ ಮತ್ತೆ ನಿಂತ್ಕೋಬೇಕಾ? ತಡಿ, ತಲೆ ಬಾಚ್ಕೊಂಡು ಬರ್ತೀನಿ."

ದನಿಯಲ್ಲಿ ಬೇಸರ ಎಳ್ಳಷ್ಟೂ ಇರಲಿಲ್ಲ. ಸೊಸೆ ಕ್ಯಾಮೆರಾ ಹಿಡಿದರೆ ಇಪ್ಪತ್ತು ವರ್ಷದಿಂದ ಮುಖ ತಿರುಗಿಸುತ್ತಿದ್ದ ಹೆಂಗಸು! ಮೈದುನನೂ ಹಲ್ಲು ಬಿಟ್ಟ. "ಒಳ್ಳೇದೇ ಆಯ್ತು. ಇನ್ನೂ ಪೂರ್ತಿ ಮೂವತ್ತಾರು ಇದೆ."

ನಾಚಿಕೆಗೆಟ್ಟವನು. ಇವನಿಗೆ ಫೋಟೊ ಬಂದರೆಷ್ಟು, ಬಿಟ್ಟರೆಷ್ಟು, ಕ್ಲಿಕ್ ಅಂದರೆ ಸಾಕು. ಅತ್ತಿಗೆ ಅವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ಕಣ್ಣು ಮಿಟುಕಿಸುವುದರೊಳಗೆ ರೀಲು ಸರಿಯಾಗಿ ಕೂರಿಸಿದಳು. ಗುಂಡಿ ತಿರುಗಿತು. ಪರೀಕ್ಷೆಗೆಂದು ಕಣ್ಣಿಗಿಟ್ಟರೆ ಆ ಪುಟ್ಟ ಕಿಂಡಿಯಲ್ಲಿ ಅತ್ತೆ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಬಾಗಿಲಲ್ಲಿ ನಿಂತು ಅವಳನ್ನೇ ನೋಡಿ ನಗುತ್ತಿದ್ದರು. ಬಿಳಿ ಪರದೆಯ ಮುಂದೆ ಸಾವಿರಾರು ಬಿಗಿದ ಮುಖಗಳ ಫೋಟೊ ತೆಗೆದವಳ ಬೆರಳು ತಾನಾಗಿಯೇ ಒತ್ತಿತು. ಇನ್ನೊಂದು. ಮತ್ತೊಂದು. ಎದೆಯೊಳಗೆ ಏನೋ ಹಗುರವಾಯಿತು. ಅದನ್ನು ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದಳು.

"ಅತ್ತಿಗೆ, ಹನ್ನೆರಡು ಫೋಟೊ ಆಯ್ತು. ನನಗೂ ಸ್ವಲ್ಪ ಉಳಿಸಿ."

"ನಿನಗ್ಯಾಕೆ? ಅಲ್ಲಿ ಹೋಗಿ ನಿಮ್ಮಮ್ಮನ ಪಕ್ಕ ನಿಂತ್ಕೊ. ಹೊಟ್ಟೆ ಒಳಗೆ ಎಳಕೊ."