ಸೋಲಿನ ತ್ರೈಮಾಸಿಕ ವರದಿ

ಇಪ್ಪತ್ತಾರು ವರ್ಷಗಳಿಂದ ಪಾಸ್ಟರುಗಳನ್ನು ತಯಾರು ಮಾಡುವ ಆ ಲೂಥರನ್ ಸೆಮಿನರಿಯಲ್ಲಿ ದೇವರ ಕೃಪೆಯ ಬಗ್ಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ಒಬ್ಬರಿಗೂ ಒಂದು ಕೃಪಾಂಕ ಕೊಟ್ಟವರಲ್ಲ. ಮನುಷ್ಯ ಎಷ್ಟು ಪುಣ್ಯ ಗುಡ್ಡೆ ಹಾಕಿದರೂ ದೇವರ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ, ಆತ ಕೊಡುವುದೆಲ್ಲ ಪುಕ್ಕಟೆ ಎಂದು ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮಧ್ಯಾಹ್ನ ಅದೇ ಕೈಯಿಂದ, ಮೂವತ್ತೈದಕ್ಕೆ ಒಂದು ಕಡಿಮೆ ಬಿದ್ದವನ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದರು. "ಒಂದೇ ಒಂದು ಸಾರ್" ಎಂದು ಕೈಮುಗಿದರೆ, "ಒಂದು ಅಂದ್ರೆ ಒಂದೇ. ನಾನೇನು ದೇವರಾ?" ಎನ್ನುತ್ತಿದ್ದರು.

ಸೆಮಿನರಿಯಲ್ಲಿ ದೇವರಿಗಿಂತ ದಾನಿಗಳು ಹೆಚ್ಚು ಕಣ್ಣಿಗೆ ಬೀಳುತ್ತಿದ್ದರು. ಬೆಂಚು, ಬೀರು, ನೀರಿನ ನಲ್ಲಿ, ಎಲ್ಲಕ್ಕೂ ಒಂದೊಂದು ಹಿತ್ತಾಳೆಯ ಫಲಕ. ಗ್ರಂಥಾಲಯದ ಫ್ಯಾನು ತಿರುಗುವುದು ನಿಂತು ನಾಲ್ಕು ವರ್ಷವಾಗಿತ್ತು, ಅದರ ಫಲಕಕ್ಕೆ ಮಾತ್ರ ವಾರಕ್ಕೊಮ್ಮೆ ಪಾಲಿಶ್. ಫಲಕವಿಲ್ಲದ ಕೋಣೆ ಒಂದೇ ಒಂದು: ಪಡಸಾಲೆಯ ಕೊನೆಯಲ್ಲಿ, ಪೊರಕೆ ಬಕೆಟ್ಟುಗಳ ನೆರೆಯಲ್ಲಿದ್ದ ಸಂಜೆ ತರಗತಿ. ಪಾಸ್ಟರ್ ಇಲ್ಲದ ಸಣ್ಣಪುಟ್ಟ ಚರ್ಚು ಸಭೆಗಳಲ್ಲಿ ಪ್ರಸಂಗ, ಅಂದರೆ ಭಾನುವಾರದ ಉಪದೇಶ, ಮಾಡಲು ಕಲಿಯುವ ಹತ್ತು ಜನ ಅಲ್ಲಿ ಕೂರುತ್ತಿದ್ದರು. ಬಸ್ ಡ್ರೈವರು, ಬೀಗ ರಿಪೇರಿಯವನು, ಟೈಲರು, ಹೀಗೆ ಹಗಲೆಲ್ಲ ದುಡಿದು ಬಂದವರು. ಮೇಷ್ಟ್ರಿಗೆ ಹಗಲಿನ ಪಾಠ ಸಂಬಳಕ್ಕೆ, ಸಂಜೆಯ ಪಾಠ ಸಂತೋಷಕ್ಕೆ.

ಆ ಸಂತೋಷ ನಡೆಯುತ್ತಿದ್ದದ್ದು ದೂರದ ಒಂದು ನಿಧಿಯ ಅನುದಾನದಲ್ಲಿ. ಮೂರು ವರ್ಷ ಮುಗಿಯುತ್ತಾ ಬಂದಿತ್ತು. ಮುಂದುವರಿಯಬೇಕಾದರೆ ವರದಿ ಹೋಗಬೇಕು; ವರದಿ ಮೆಚ್ಚಿದರೆ ವರ, ಇಲ್ಲದಿದ್ದರೆ ಆ ಕೋಣೆಯೂ ಬಕೆಟ್ಟುಗಳ ಪಾಲು.

ಇಂಥ ವರದಿಗಳನ್ನು ಬರೆಯುತ್ತಿದ್ದವರು ಪ್ರಾಂಶುಪಾಲರು. ಅವರ ಗಂಟಲಲ್ಲಿ ದಾನಿಗೊಂದು ದನಿ ಇತ್ತು. ವಯಸ್ಸಾದ ದಾನಿಯ ಜೊತೆ ಫೋನಿನಲ್ಲಿ ತಾವೂ ಕೆಮ್ಮುತ್ತಿದ್ದರು, ವ್ಯಾಪಾರಿ ದಾನಿಯ ಜೊತೆ ಚಟಪಟ, ವಿಧವೆ ದಾನಿಯ ಜೊತೆ ಅರ್ಧ ಮಾತು ಅರ್ಧ ನಿಟ್ಟುಸಿರು. ಮೂವತ್ತು ವರ್ಷದಲ್ಲಿ ಯಾವ ವೇದಿಕೆಯಲ್ಲೂ ನಾಲಗೆ ಎಡವಿದವರಲ್ಲ. ಆದರೆ ಈ ಬಾರಿ ಅವರು "ಅನುದಾನ ಪಡೆಯುವ ಕಲೆ" ಎಂಬ ಸಮ್ಮೇಳನಕ್ಕೆ ಹೋಗಿದ್ದರಿಂದ ಅನುದಾನ ಪಡೆಯುವ ಕೆಲಸ ಮೇಷ್ಟ್ರ ತಲೆಗೆ ಬಂತು.

"ಮೇಷ್ಟ್ರೇ, ತಲೆ ಕೆಡಿಸ್ಕೋಬೇಡಿ" ಎಂದರು ಫೋನಿನಲ್ಲಿ. "ಬದಲಾವಣೆ ಅಂದ ಕಡೆ 'ಅಪಾರ' ಅನ್ನಿ. ಸವಾಲು ಅಂದ ಕಡೆ 'ಸಮಯದ ಅಭಾವ' ಅನ್ನಿ. ಎಲ್ಲರೂ ಹಾಕೋದು ಅದೇ."

ಮೇಷ್ಟ್ರು ವರದಿಯ ಫಾರಂ ಹಿಡಿದು ಮನೆಯ ಊಟದ ಮೇಜಿನ ಮುಂದೆ ಕೂತರು. "ನಿಮ್ಮ ಸತ್ಕಾರ್ಯಗಳಿಂದ ಉಂಟಾದ ಬದಲಾವಣೆ, ಪುರಾವೆ ಸಹಿತ" ಎಂಬಲ್ಲಿ ಪೆನ್ನು ನಿಂತಿತು.

"ಸತ್ಕಾರ್ಯದಿಂದ ಏನೂ ಸಿಗಲ್ಲ ಅಂತ ಇಪ್ಪತ್ತಾರು ವರ್ಷ ಕೂಗಿದ್ದೀನಿ ಕಣೆ. ಈಗ ಪಟ್ಟಿ ಕೊಡು ಅಂತಾರೆ."

"ಕೊಡಿ ಮತ್ತೆ" ಎಂದರು ಹೆಂಡತಿ, ಒಗೆದ ಬಟ್ಟೆ ಮಡಚುತ್ತಾ. "ಬೆಳಿಗ್ಗೆ ಪುಕ್ಕಟೆ ಅಂತ ಪಾಠ, ಸಂಜೆ ಪುರಾವೆ ಅಂತ ಪರದಾಟ. ರೀ, ಒಂದು ಕಡೆ ನಿಲ್ಲಿ. ಇಲ್ಲಾಂದ್ರೆ ಮೇಜು ಬಿಡಿ, ತಟ್ಟೆ ಇಡಬೇಕು."

ಕೊನೆಯ ದಿನ ಬಂದರೂ ಆ ಜಾಗ ಖಾಲಿಯೇ ಇತ್ತು. ಆಗ ಮೇಷ್ಟ್ರು ತಮಗೆ ಬರುತ್ತಿದ್ದ ಒಂದೇ ಕೆಲಸ ಮಾಡಿದರು. ಪ್ರತಿ ಭಾನುವಾರ ಆರಾಧನೆಗೆ ಮುಂಚೆ ಸಭೆಯೆಲ್ಲ ತಪ್ಪೊಪ್ಪಿಗೆ ಹೇಳುವಂತೆ, ಫಾರಮಿನಲ್ಲಿ ತಪ್ಪೊಪ್ಪಿಕೊಂಡುಬಿಟ್ಟರು. ಹತ್ತು ಜನರಲ್ಲಿ ಒಂಬತ್ತು ಮಂದಿ ನಾನು ಹೇಳಿದ್ದನ್ನು ನನ್ನದೇ ದನಿಯಲ್ಲಿ, ನನ್ನದೇ ಕೆಮ್ಮಿನ ಸಮೇತ ಒಪ್ಪಿಸುತ್ತಾರೆ ಎಂದು ಬರೆದರು. ಹತ್ತನೆಯವರು ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಹೆಂಗಸು. ಬೆಂಚಿನಲ್ಲಿ ಕೂತಾಗ ಮಾತಿನ ಮಲ್ಲಿ, ಪ್ರಸಂಗಪೀಠ ಹತ್ತಿದರೆ ಮೂಗಿ. ಮೂರು ವರ್ಷದಲ್ಲಿ ಒಂದು ಪ್ರಸಂಗವನ್ನೂ ಮುಗಿಸಿಲ್ಲ. ಕಾರಣ ನಾನು; ವಾಕ್ಯ ಮುಗಿಯುವ ಮುಂಚೆ ಬಾಯಿ ಹಾಕಿ ತಿದ್ದುತ್ತೇನೆ, ಬಿಡಲಾಗದು. ಹೀಗೆ ಎರಡು ಪುಟ. ಸಹಿ ಹಾಕಿ, ಮನಸ್ಸು ಬದಲಾಗುವ ಮುಂಚೆ ಕಳಿಸಿಯೂಬಿಟ್ಟರು.

ಊರಿಗೆ ಮರಳಿದ ಪ್ರಾಂಶುಪಾಲರು ವರದಿಯ ಪ್ರತಿ ಓದಿ ಕುರ್ಚಿಯಲ್ಲಿ ಕುಸಿದರು. "ಇದು ವರದಿ ಅಲ್ಲ ಮೇಷ್ಟ್ರೇ, ಮರಣಪತ್ರ!"

ಮೂರು ವಾರಕ್ಕೆ ಉತ್ತರ ಬಂತು. ಅದನ್ನು ಹಿಡಿದು ಪ್ರಾಂಶುಪಾಲರು ಪಡಸಾಲೆಯುದ್ದಕ್ಕೂ ಓಡಿಬಂದರು. ನಿಧಿಯ ಅಧಿಕಾರಿಣಿ ಗೆಲುವಿನ ವರದಿಗಳನ್ನು ಓದಿ ಓದಿ ಬೇಸತ್ತಿದ್ದರಂತೆ. ಇಂಥ ಅಪ್ಪಟ ಸೋಲು ಅವರ ಕೈಗೆ ಸಿಕ್ಕಿದ್ದು ಇದೇ ಮೊದಲಂತೆ. ಅನುದಾನ ಮುಂದುವರಿಯುತ್ತದೆ, ಆದರೆ "ಸೋಲಿನಿಂದ ಕಲಿಕೆ" ಎಂಬ ಹೊಸ ಯೋಜನೆಯ ಅಡಿಯಲ್ಲಿ. ಮೂರು ತಿಂಗಳಿಗೆ ಒಂದಾದರೂ ಪರಿಶೀಲಿಸಿದ ಸೋಲು ಇರಬೇಕು. ಮೊದಲನೆಯದನ್ನು ಕಣ್ಣಾರೆ ನೋಡಲು ಖುದ್ದು ಅವರೇ ಬರುತ್ತಾರೆ.

"ಆ ಲಾಂಡ್ರಿಯಕ್ಕ ಇನ್ನೂ ಮಾತಾಡಲ್ಲ ತಾನೆ?" ಎಂದು ಆತಂಕದಿಂದ ಕೇಳಿದರು ಪ್ರಾಂಶುಪಾಲರು. "ದೇವರು ದೊಡ್ಡವನು!"

ಆ ವಾರವೆಲ್ಲ ಸೋಲಿನ ತಾಲೀಮು. ಪ್ರಾಂಶುಪಾಲರು ತಾವೇ ಪೀಠ ಹತ್ತಿ ತೋರಿಸಿಕೊಟ್ಟರು. "ಹೀಗೆ ನಿಲ್ಲಿ. ಎರಡು ಮಾತು ತೊದಲಿ. ಆಮೇಲೆ ಕಿಟಕಿ ಕಡೆ ನೋಡಿ, ಕಣ್ಣೊರೆಸ್ಕೊಂಡು ಇಳಿದುಬಿಡಿ."

"ಸರಿಯಾಗಿ ತೊದಲಬೇಕಾ ಸಾರ್, ತಪ್ಪಾಗಿ ತೊದಲಬೇಕಾ?" ಎಂದರು ಲಾಂಡ್ರಿಯಕ್ಕ. ಐವತ್ತು ದಾಟಿದ, ಬ್ಲೀಚಿಂಗ್ ಪುಡಿಗೆ ಬೆರಳು ಬಿಳಚಿದ ಹೆಂಗಸು. ಡ್ರೈವರು ಹಿಂದಿನ ಬೆಂಚಿನಿಂದ, "ಅಕ್ಕಾ, ರಿವರ್ಸ್ ಗೇರ್ ಹಾಕಿ!" ಎಂದ. ಕೋಣೆಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ.

ಅಧಿಕಾರಿಣಿ ಬಂದ ದಿನ, ಸೆಮಿನರಿಯ ಚಾಪೆಲಿನ ಬಾಗಿಲಲ್ಲಿ ಅಕ್ಕ ಮೇಷ್ಟ್ರನ್ನು ತಡೆದರು. "ಮೇಷ್ಟ್ರೇ, ನಾನು ಬಾಯಿ ಬಿಟ್ರೆ ಕ್ಲಾಸು ಮುಚ್ಚುತ್ತೆ ಅಂತಾರೆ. ನೀವು ಹೇಳಿ, ಸೋಲಲಾ?"

ಹತ್ತು ಜನರ ಬೆಂಚುಗಳು, ಬಕೆಟ್ಟಿನ ವಾಸನೆ, ಬೀಗದವನ ಎಣ್ಣೆಗೈಯ ಗುರುತು ಬಿದ್ದ ನೋಟುಬುಕ್ಕು, ಎಲ್ಲ ಮೇಷ್ಟ್ರ ಕಣ್ಣೆದುರು ಬಂತು. 'ಸೋಲಿ' ಎನ್ನಲು ಬಾಯಿ ತೆರೆದರು. ಆಗಲಿಲ್ಲ.

"ಹೇಗೆ ಬರುತ್ತೋ ಹಾಗೆ ಬರಲಿ ಅಕ್ಕಾ" ಎಂದರು. "ಬಂದರೂ ಸರಿ, ಬರದಿದ್ದರೂ ಸರಿ. ನಾನು ಮಾತ್ರ ಬಾಯಿ ಹಾಕಲ್ಲ."

ಅಕ್ಕ ಅವರನ್ನೇ ವಿಚಿತ್ರವಾಗಿ ನೋಡಿ ಒಳಗೆ ಹೋದರು.

ನಿಧಿಯ ಅಧಿಕಾರಿಣಿ ಮುಂದಿನ ಸಾಲಿನಲ್ಲಿ ಪೆನ್ನು ಬಿಚ್ಚಿ ಕೂತಿದ್ದರು. "ಭಯ ಬೇಡ. ನಿಮ್ಮ ಸೋಲಿಗೆ ನಾವೆಲ್ಲ ಜಾಗ ಮಾಡಿಕೊಡೋಣ, ಆಯ್ತಾ?" ಎಂದು, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ ಹೇಳಿದರು.

ಅಕ್ಕ ಪೀಠ ಹತ್ತಿದರು. ಕಿಟಕಿ ಕಡೆ ನೋಡಿದರು. ಪ್ರಾಂಶುಪಾಲರು ತೃಪ್ತಿಯಿಂದ ತಲೆದೂಗಿದರು.

"ನಮ್ಮ ಲಾಂಡ್ರಿಗೆ ದಿನಾ ನಾಲ್ಕುನೂರು ಬೆಡ್‌ಶೀಟ್ ಬರುತ್ತೆ" ಎಂದರು ಅಕ್ಕ. ಮೇಷ್ಟ್ರ ನಾಲಗೆ ತಾನಾಗಿ ಎದ್ದಿತು. ಪ್ರಸಂಗವನ್ನು ಬೈಬಲ್ಲಿನ ವಚನದಿಂದ ಆರಂಭಿಸಬೇಕು ಎಂದು ಅವರು ಸಾವಿರ ಸಲ ಹೇಳಿದ್ದರು. ಹಲ್ಲು ಕಚ್ಚಿಕೊಂಡರು. "ರಕ್ತ ಇರುತ್ತೆ, ಕೀವು ಇರುತ್ತೆ. ಯಾರದು ಅಂತ ನಾವು ಕೇಳಲ್ಲ. ಇಪ್ಪತ್ತೆರಡು ವರ್ಷ ಆಯ್ತು, ಮೊದಲೇ ಒಗೆಸಿಕೊಂಡು, ಮಡಿಕೆ ಹಾಕಿಸಿಕೊಂಡು, ನಾನು ಕ್ಲೀನು ಅಂತ ಬಂದ ಶೀಟ್ ಒಂದೂ ಇಲ್ಲ. ಬಂದ್ರೆ ನಮಗೇನು ಕೆಲಸ? ಕೊಳೆ ಇರೋದಕ್ಕೇ ಅದು ನಮ್ಮ ಹತ್ರ ಬರೋದು. ದೇವರ ಮನೆ ಬಾಗಿಲಲ್ಲಿ ನಾವು ಮಾತ್ರ ಇಸ್ತ್ರಿ ಮಾಡಿಕೊಂಡು ನಿಲ್ತೀವಿ, ಒಳಗೆ ಕಲೆ ಇಟ್ಕೊಂಡು."

ಮೇಷ್ಟ್ರ ಜೇಬಿನಲ್ಲಿ ಸೀಮೆಸುಣ್ಣ ಎರಡು ತುಂಡಾಯಿತು, ಆಮೇಲೆ ನಾಲ್ಕು. ಅಕ್ಕ ಹನ್ನೊಂದು ನಿಮಿಷ ಮಾತಾಡಿದರು. ತಾವು ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಮೇಷ್ಟ್ರು ಅಂದು ಮೊದಲ ಸಲ ಕೇಳಿದಂತೆ ಕೇಳಿದರು. ಮುಗಿದಾಗ ಬೀಗದವನು ಮೂಗು ಸೀಟಿದ ಸದ್ದೊಂದೇ.

ಅಧಿಕಾರಿಣಿಯ ಪೆನ್ನು ಮುಚ್ಚಿತ್ತು. "ತುಂಬಾ ಚೆನ್ನಾಗಿತ್ತು" ಎಂದರು, ಸತ್ತ ಸುದ್ದಿ ತಿಳಿಸುವವರ ಹಾಗೆ. "ಆದರೆ ಇದು ನಮ್ಮ ಯೋಜನೆಯ ಚೌಕಟ್ಟಿಗೆ ಬರಲ್ಲವಲ್ಲ."

ಪರಿಸ್ಥಿತಿ ಕೈ ಮೀರುತ್ತಿದ್ದಂತೆ ಪ್ರಾಂಶುಪಾಲರು ವಂದನಾರ್ಪಣೆಗೆ ಎದ್ದರು. ಅವರ ಭಾಷಣ ಮುಂಚೆಯೇ ಟೈಪಾಗಿತ್ತು. "ಈಗತಾನೇ ನಾವು ಕಂಡ ಈ ಸಹೋದರಿಯ ಹೃದಯ ಹಿಂಡುವ ಮೌನ..." ಎಂದು ಶುರುಮಾಡಿ ಗಕ್ಕನೆ ನಿಂತರು. "ಮೌನ ಅಂದರೆ... ಮಾತು. ಮಾತಿನ ಮೌನ. ಒಂದು ಪದವನ್ನೂ ಆಡದೆ ಈಕೆ ಹೇಳಿದ ಎಲ್ಲ ಪದಗಳು..." ಹಾಳೆ ತಿರುವಿದರು, ಎರಡು ಹಾಳೆ ಒಟ್ಟಿಗೆ ತಿರುಗಿತು. ಹೋದ ವರ್ಷ ಅನುದಾನ ನಿಲ್ಲಿಸಿದ್ದ ಬೇರೊಂದು ಸಂಸ್ಥೆಗೆ ಕಣ್ತುಂಬಿ ಧನ್ಯವಾದ ಹೇಳಿದರು. ತಪ್ಪು ತಿಳಿದು ಕೆಮ್ಮಿದರು. ಅದು ವಯಸ್ಸಾದ ದಾನಿಯ ಕೆಮ್ಮು. ಆಮೇಲೆ ವಿಧವೆ ದಾನಿಯ ನಿಟ್ಟುಸಿರು ಬಂತು. ಕೊನೆಗೆ ಯಾವ ದನಿಯೂ ಬಾರದೆ, ಕಿಟಕಿ ಕಡೆ ನೋಡಿ, ಕಣ್ಣೊರೆಸಿಕೊಂಡು ಇಳಿದುಬಿಟ್ಟರು.

ಅಧಿಕಾರಿಣಿಯ ಪೆನ್ನು ಯಾವಾಗಲೋ ಬಿಚ್ಚಿಕೊಂಡಿತ್ತು. ಅವರು ಮೂರನೇ ಪುಟದಲ್ಲಿದ್ದರು. "ಇಷ್ಟು ನೈಜವಾದ ಸೋಲನ್ನ ನಾನು ಎಲ್ಲೂ ನೋಡಿಲ್ಲ" ಎಂದು ಪ್ರಾಂಶುಪಾಲರ ಕೈ ಹಿಡಿದುಕೊಂಡರು. "ನಾಯಕತ್ವದಲ್ಲೇ! ಇವರನ್ನೂ ತರಗತಿಗೆ ಸೇರಿಸಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಇವರ ವರದಿ ಕಳಿಸಿ, ಸಾಕು."

ಹೊರಗೆ ಮೇಷ್ಟ್ರು ಅಕ್ಕನನ್ನು ಕೇಳಿದರು: "ಹೇಗೆ ಬಂತು ಅಕ್ಕಾ ಇವತ್ತು?"

"ಬರದಿದ್ದರೂ ಸರಿ ಅಂದ್ರಲ್ಲ, ಅದಕ್ಕೇ ಬಂತು" ಎಂದು ಅವರು ಎರಡನೇ ಪಾಳಿಗೆ ಹೊರಟುಹೋದರು.

ಈಗ ಪಡಸಾಲೆಯ ಕೊನೆಯ ಕೋಣೆಯಲ್ಲಿ ಹನ್ನೊಂದು ಜನ. ಹನ್ನೊಂದನೆಯವರು ಬಕೆಟ್ಟಿನ ಪಕ್ಕದ ಬೆಂಚಿನಲ್ಲಿ ಮುದುಡಿ ಕೂರುತ್ತಾರೆ. ತಮ್ಮ ಸ್ವಂತ ದನಿ ಯಾವುದೆಂದು ಅವರಿಗೆ ಇನ್ನೂ ಸಿಕ್ಕಿಲ್ಲ, ಅಕ್ಕ ಹುಡುಕಿಕೊಡುತ್ತಿದ್ದಾರೆ. ಮೊನ್ನೆ ಪ್ರಸಂಗದ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು ಮೂವತ್ತನಾಲ್ಕು. ಮೇಷ್ಟ್ರು ಅದನ್ನು ಹಾಗೆಯೇ ನಿಧಿಗೆ ಬರೆದು ಕಳಿಸಿದರು. ಸುಳ್ಳೇನಿಲ್ಲ, ಸೋಲು ಸೋಲೇ, ತರಗತಿ ಮೂರು ತಿಂಗಳು ಉಳಿಯಿತು. ಆಮೇಲೆ ಪ್ರಾಂಶುಪಾಲರ ನೋಟುಬುಕ್ಕು ತೆಗೆದು, ಮೂವತ್ತನಾಲ್ಕರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದನ್ನು ಕೂಡಿಸಿ ಕೊಟ್ಟರು.

ಪ್ರಾಂಶುಪಾಲರು ಅದನ್ನೇ ದಿಟ್ಟಿಸಿದರು. ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ. "ಮೇಷ್ಟ್ರೇ, ಈ ಒಂದಕ್ಕೆ ಪುರಾವೆ?"

"ಇಲ್ಲ" ಎಂದರು ಮೇಷ್ಟ್ರು. "ವರದಿನೂ ಬೇಡ."