ಕೆಂಪು ದೀಪದಲ್ಲಿ ಕಾಲು

ಸೆಮಾರಾಂಗ್ ನಗರದ ಆ ಪ್ರಯೋಗಾಲಯದಲ್ಲಿ ಒಂದು ಬೈಕಿತ್ತು. ಪೆಟ್ರೋಲಿಲ್ಲ, ರಸ್ತೆಯಿಲ್ಲ; ಎದುರಿಗೆ ಮೂರು ಪರದೆ, ಮುಖಕ್ಕೆ ಗಾಳಿ ಬೀಸುವ ಫ್ಯಾನು. ಕೂತವರಿಗೆ ನಿಜವಾದ ಸವಾರಿಯ ಅನುಭವ ಆಗುತ್ತದೆಯೇ ಎಂದು ನೋಡಿ ಸಹಿ ಹಾಕುವುದು ಪರೀಕ್ಷಕಿ ವೆನಿಂಗಳ ಕೆಲಸ. ಸಹಿ ಬಿದ್ದರೆ ಪ್ರಾಂತ್ಯದ ಹೊಸ ಸವಾರರೆಲ್ಲ ಇದರ ಮೇಲೆಯೇ ಕಲಿತು ರಸ್ತೆಗಿಳಿಯುವವರು.

ನಲವತ್ತು ಸವಾರರು ಬಂದುಹೋಗಿದ್ದರು. ನಲವತ್ತೂ ಜನ ಐದಕ್ಕೆ ಐದು ಅಂಕ ಕೊಟ್ಟಿದ್ದರು. ಒಬ್ಬನಂತೂ ಹತ್ತುವ ಮೊದಲೇ. ಎಲ್ಲರೂ ಗೌರವದಿಂದ ‘ಬಾಪಕ್’ ಎಂದು ಕರೆಯುವ ನಿರ್ದೇಶಕ ಹಾರ್ದಿಯೊ ಹಿಗ್ಗಿ ಹೀರೇಕಾಯಿಯಾಗಿದ್ದರು. ವೆನಿಂಗಳಿಗೆ ಮಾತ್ರ ಸಮಾಧಾನವಿಲ್ಲ. ಎಲ್ಲರೂ ಫಾರಂ ನೋಡುವಾಗ ಅವಳು ಕಾಲು ನೋಡುತ್ತಿದ್ದಳು. ಪರದೆಯಲ್ಲಿ ಕೆಂಪು ದೀಪ ಹತ್ತಿ ಬೈಕು ನಿಂತಾಗ ಒಬ್ಬರೂ ಕಾಲು ಊರಿರಲಿಲ್ಲ. ಊರುವ ಅಗತ್ಯವೇ ಇರಲಿಲ್ಲ; ಬೈಕನ್ನು ಬೋಲ್ಟು ಹಾಕಿ ನೆಲಕ್ಕೆ ಬಿಗಿದಿದ್ದರು.

ನಲವತ್ತೊಂದನೆಯವರು ಬೈಕಿನಲ್ಲಿ ಊರೆಲ್ಲ ಸುತ್ತಿ ಜಾಮು ಕಷಾಯ ಮಾರುವ, ಎಲ್ಲರೂ ‘ಬು’ ಅಂದರೆ ಅಮ್ಮ ಎನ್ನುವ ಸುಮಿಯೆಮ್. ಅವರೂ ಐದು ಗೀಚಿದರು.

"ಬು, ನಿಮ್ಮ ಮಗಳಿಗೆ ಇದರಲ್ಲೇ ಕಲಿಸ್ತೀರಾ?" ವೆನಿಂಗ್ ಕೇಳಿದಳು.

"ಅಯ್ಯೋ, ಬಿಡ್ತು ಅನ್ನು ತಾಯಿ! ನಿಂತಾಗ ಕಾಲು ಕೊಡೋದು ಕಲೀದೆ ಇದ್ರೆ ಕಷಾಯದ ಸಮೇತ ರಸ್ತೆ ಮೇಲೆ ಮಲಗ್ತಾಳೆ."

"ಮತ್ತೆ ಐದು ಯಾಕೆ ಕೊಟ್ರಿ?"

"ಚಹಾ ಕೊಟ್ರಿ, ತಿಂಡಿ ಡಬ್ಬಿ ಕೊಟ್ರಿ. ಆ ದೊಡ್ಡೋರು ಬಾಗಿಲಲ್ಲೇ ನಿಂತು ನಗ್ತಾ ಇದಾರೆ. ಎರಡು ಅಂತ ಹೆಂಗೆ ಬರೀಲಿ? ನಾಚಿಕೆ ಆಗಲ್ವಾ?"

ವೆನಿಂಗ್ ನೇರ ಹಾರ್ದಿಯೊ ಬಳಿ ಹೋದಳು. "ಬಾಪಕ್, ಬೋಲ್ಟು ಸಡಿಲ ಮಾಡೋಣ. ಕಾಲು ಕೊಡದಿದ್ರೆ ಬೈಕು ವಾಲಲಿ."

"ನಾಳೆ ಸಚಿವಾಲಯದೋರು ಬರ್ತಾರೆ. ವಾಲಿಸಿ ಅವರನ್ನ ಬೀಳಿಸ್ತೀಯಾ?"

"ಕೆಳಗೆ ಹಾಸಿಗೆ ಹಾಕೋಣ."

"ಚೆನ್ನಾಗಿದೆ. ಅತಿಥಿಗಳಿಗೆ ಹಾಸಿಗೆ ಬೇರೆ! ಅಲ್ಲಮ್ಮ, ಫಾರಂನಲ್ಲಿ ಕಾಲಿನ ಕಾಲಂ ಎಲ್ಲಿದೆ ತೋರಿಸು."

ಮರುದಿನ ಅಧಿಕಾರಿ ಬಂದರು, ಹತ್ತಿದರು, ಕೆಂಪು ದೀಪದಲ್ಲಿ ಎರಡೂ ಕಾಲು ಮೇಲಿಟ್ಟುಕೊಂಡೇ "ಥೇಟ್ ರಸ್ತೆ!" ಎಂದು ಕೊಂಡಾಡಿದರು. ಹಾರ್ದಿಯೊ ಪ್ರಮಾಣಪತ್ರ ಮುಂದೆ ಹಿಡಿದರು. ವೆನಿಂಗ್ ಸಹಿಯ ಜಾಗದಲ್ಲಿ ತನ್ನ ನಿರಾಕರಣೆಯನ್ನು ಬರೆದಳು: "ಹಿರಿಯರು ಕ್ಷಮಿಸಬೇಕು. ಯಂತ್ರ ಸೊಗಸಾಗಿದೆ. ಮುಂದೆಂದಾದರೂ ಬಿಡುವಾದಾಗ ಕಾಲುಗಳ ಕುರಿತು ಯೋಚಿಸಬಹುದೇನೋ ಎಂದು ನನ್ನ ಅಲ್ಪಬುದ್ಧಿಗೆ ತೋರುತ್ತದೆ." ಬರೆದು ಎದೆ ಗಟ್ಟಿ ಮಾಡಿಕೊಂಡು ಕಾದಳು.

"ಎಷ್ಟು ಚಂದ ಒಪ್ಪಿಗೆ ಕೊಟ್ಟಿದ್ದಾಳೆ ನೋಡಿ!" ಎಂದರು ಹಾರ್ದಿಯೊ. ಅಧಿಕಾರಿ ಬೈಕಿನ ಮೇಲಿಂದಲೇ ತಲೆದೂಗಿದರು.

ಎಲ್ಲರನ್ನೂ ಮನಸ್ಸಿನಲ್ಲೇ ಬೈದುಕೊಂಡಿದ್ದವಳು ತಾನೂ ಮರ್ಯಾದೆಗೆ ಕಟ್ಟುಬಿದ್ದು ನಲವತ್ತೆರಡನೆಯ ಐದನ್ನು ಕೊಟ್ಟಿದ್ದಳು. ವೆನಿಂಗ್ ಕಾಗದವನ್ನು ಹಾರ್ದಿಯೊ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡಳು. ಬರೆದದ್ದನ್ನೆಲ್ಲ ಹೊಡೆದುಹಾಕಿ ಕೆಳಗೆ ಬರೆದಳು: "ಒಪ್ಪುವುದಿಲ್ಲ. ಇದರಲ್ಲಿ ಕಲಿತವರು ಮೊದಲ ಸಿಗ್ನಲ್ಲಿನಲ್ಲೇ ಬೀಳುತ್ತಾರೆ."

ಅಂಥ ಒರಟು ಮಾತನ್ನು ಆ ಕಟ್ಟಡದಲ್ಲಿ ಯಾರೂ ಓದಿರಲಿಲ್ಲ. ಅಧಿಕಾರಿ ಎರಡು ಸಲ ಓದಿದರು, ತಮ್ಮ ಕಾಲುಗಳನ್ನು ಒಮ್ಮೆ ನೋಡಿಕೊಂಡರು.

"ಬೋಲ್ಟು ಬಿಚ್ಚಿ," ಎಂದರು.

ಹಾರ್ದಿಯೊ ಗಾಬರಿಯಿಂದ ಸ್ಪ್ಯಾನರ್ ಹಿಡಿದು ಬಗ್ಗಿದರು.

"ರೀ, ತಾಳಿ! ಮೊದಲು ನಾನಿಳೀತೀನಿ."